ಯುಕೆಜಿ ಮಗಳ ಬೆರಳಿಗೆ ಗಂಟು ಬಂದಿದೆ: ವಾಲ್ಡಾರ್ಫ್ ಥರದ ಓದು ನಮ್ಮ ದಾವಣಗೆರೆಯಲ್ಲಿ ಆಗುತ್ತಾ?

ವಿದ್ಯಾನಗರದ ಅಮ್ಮ | ಭಾನುವಾರ ಸಂಜೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರಿಲ್ಲದೆ ಓದಿ.

ಮಗಳಿಗೆ ಐದು ತುಂಬಿ ಎರಡು ತಿಂಗಳು. ಹೋದ ವಾರ ತಲೆಗೆ ಎಣ್ಣೆ ಹಚ್ಚುವಾಗ ಅವಳ ಬಲಗೈ ಕಣ್ಣಿಗೆ ಬಿತ್ತು. ನಡುಬೆರಳಿನ ಉಗುರಿನ ಪಕ್ಕ, ಪೆನ್ಸಿಲ್ ಒತ್ತೋ ಜಾಗದಲ್ಲಿ ಚರ್ಮ ಗಟ್ಟಿಯಾಗಿ ಗಂಟು ಕಟ್ಟಿದೆ. ನನಗೆ ಆ ಗಂಟು ಬಂದಿದ್ದು ಎಸ್ಸೆಸ್ಸೆಲ್ಸಿ ವರ್ಷ. ಇವಳಿಗೆ ಇನ್ನೂ ಒಂದು ಹಾಲುಹಲ್ಲೂ ಅಲುಗಾಡಿಲ್ಲ. ರಾತ್ರಿ ಒಂಬತ್ತಕ್ಕೆ ಊಟದ ತಟ್ಟೆ ಮುಂದೆ ತೂಕಡಿಸ್ತಾ "ಅಮ್ಮಾ, ಏಳು ಉಲ್ಟಾ ಬರೆದ್ರೆ ಪೂರ್ತಿ ಪೇಜು ಇನ್ನೊಂದ್ಸಲ ಬರೀಬೇಕು" ಅಂತಾಳೆ. ಅವತ್ತು ನಾನೇ ಪುಸ್ತಕ ಮುಚ್ಚಿ ಮಲಗಿಸಿದೆ. ಬೆಳಗಿನ ಜಾವ ಐದಕ್ಕೆ ಅವಳೇ ಎದ್ದು ಅಳ್ತಾ ಬರೀತಿದ್ದಳು.

ಅವತ್ತಿಂದ ಹುಡುಕಿ ಓದ್ತಿದೀನಿ. ಜರ್ಮನಿಯಲ್ಲಿ ಶುರುವಾದ ವಾಲ್ಡಾರ್ಫ್ ಅನ್ನೋ ಶಿಕ್ಷಣ ಪದ್ಧತಿ ಮನಸ್ಸಿಗೆ ಹಿಡಿಸ್ತು. ಅದನ್ನ ಕಟ್ಟಿದ ರುಡಾಲ್ಫ್ ಸ್ಟೈನರ್ ಮಗುವಿನ ಬೆಳವಣಿಗೆಗೆ ಏಳೇಳು ವರ್ಷದ ಘಟ್ಟ ಹೇಳ್ತಾರೆ. ಮೊದಲ ಏಳು ವರ್ಷ ಮಗು ದೊಡ್ಡವರನ್ನ ನೋಡಿ, ತಾನೂ ಹಂಗೇ ಮಾಡಿ ಕಲಿಯುತ್ತೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಹುಟ್ಟೋ ಹೊತ್ತಿಗೆ ಅಕ್ಷರಕ್ಕೆ ಸಿದ್ಧ. ಹದಿನಾಲ್ಕರ ತನಕ ಕಥೆ, ಕಲ್ಪನೆ, ಭಾವನೆ. ತರ್ಕ ಮಾಡಿ ಸ್ವಂತ ತೀರ್ಮಾನಕ್ಕೆ ಬರೋದು ಆಮೇಲೆ. ತಲೆ, ಮನಸ್ಸು, ಕೈ ಮೂರೂ ಜೊತೆಜೊತೆಗೆ ಬೆಳೀಬೇಕು ಅನ್ನೋ ಮಾತು.

ಇದೇ ಕೊರಗಿನ ನಾಲ್ಕು ಮನೆಯವರು ನಾವು ಸೇರಿದೀವಿ. ನಮ್ಮ ಹಿತ್ತಿಲಲ್ಲಿ ಹೊಂಗೆ ಮರ ಇದೆ, ಒಂದು ಶೆಡ್ಡಿದೆ. ನಾವೇ ಚಿಕ್ಕದೊಂದು ಶಾಲೆ ಶುರು ಮಾಡಬಹುದಾ? ಇಂಥ ಕಡೆ ಮಕ್ಕಳನ್ನ ಓದಿಸಿದವರು ಯಾರಾದರೂ ಇದ್ದೀರಾ? ಹತ್ತನೇ ಕ್ಲಾಸಿಗೆ ಬಂದಾಗ ಏನು ಗತಿ?

ಚಂದ್ರವಳ್ಳಿ ದಾರಿ | ಭಾನುವಾರ ರಾತ್ರಿ

ಅಕ್ಕ, ನಾನು ದುರ್ಗದವನು. ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ಮಗ ಒಂದರಿಂದ ಮೂರನೇ ಕ್ಲಾಸಿನ ತನಕ ಇಂಥದೇ ಶಾಲೇಲಿ ಓದಿದ. ಅಪ್ಪನಿಗೆ ಹುಷಾರು ತಪ್ಪಿ ಊರಿಗೆ ವಾಪಸ್ ಬಂದ್ವಿ. ಕಣ್ಣಾರೆ ಕಂಡಿದ್ದು ಹೇಳ್ತೀನಿ.

ಬೆಳಿಗ್ಗೆ ಎರಡು ಗಂಟೆ ಹತ್ತಿರ ಒಂದೇ ವಿಷಯ. ಮೂರ್ನಾಲ್ಕು ವಾರ ಗಣಿತ ಅಂದ್ರೆ ಗಣಿತವೇ, ಆಮೇಲೆ ಅಷ್ಟೇ ವಾರ ಭಾಷೆ. ಅಷ್ಟು ದಿನ ಗಣಿತ ಬೀಳು ಬಿಟ್ಟ ಹೊಲದಂಗೆ ಸುಮ್ಮನೆ ಇರುತ್ತೆ. ಚಿಕ್ಕ ಕ್ಲಾಸಲ್ಲಿ ಪಠ್ಯಪುಸ್ತಕ ಇಲ್ಲ. ಕೇಳಿದ್ದನ್ನ ಮಗುವೇ ದೊಡ್ಡ ಖಾಲಿ ಪುಸ್ತಕದಲ್ಲಿ ಬರೆದು, ಚಿತ್ರ ಬಿಡಿಸಿ ತನ್ನ ಪಠ್ಯ ತಾನೇ ಮಾಡಿಕೊಳ್ಳುತ್ತೆ. ಒಂದನೇ ಕ್ಲಾಸಿನ ಟೀಚರ್ ಸಾಧ್ಯವಾದರೆ ಎಂಟರ ತನಕ ಅದೇ ಮಕ್ಕಳ ಜೊತೆ ಬರ್ತಾರೆ. ಒಂದನೇ ಕ್ಲಾಸಲ್ಲೇ ಹುಡುಗರು, ಹುಡುಗಿಯರು ಎಲ್ಲರಿಗೂ ಎರಡು ಕಡ್ಡಿ ಹಿಡಿದು ಉಣ್ಣೆ ಹೆಣೆಯೋದು ಕಲಿಸ್ತಾರೆ. ನನ್ನ ಮಗ ಹೆಣೆದ ಕೊಳಲಿನ ಚೀಲ ಮಧ್ಯದಲ್ಲಿ ಬಿಗಿಯಾಗಿ, ಕೊನೇಲಿ ಸಡಿಲ ಆಗಿದೆ. ಯಾವ ವಾರ ಅವನಿಗೆ ಜ್ವರ ಇತ್ತು ಅಂತ ಆ ಚೀಲ ನೋಡಿ ಹೇಳಬಹುದು.

ಒಂದು ಪಾಠ ಮಾತ್ರ ಬಿಡಿಸಿ ಹೇಳಬೇಕು. ಹಲಗೆ ಮೇಲೆ ದುಂಡಗೆ ಹತ್ತು ಮೊಳೆ, ಸೊನ್ನೆಯಿಂದ ಒಂಬತ್ತು. ನಾಲ್ಕರ ಮಗ್ಗಿ ಹೇಳ್ತಾ ಬಿಡಿ ಸ್ಥಾನದ ಅಂಕಿಗೆ ನೂಲು ಎಳೀಬೇಕು. ಸೊನ್ನೆಯಿಂದ ನಾಲ್ಕು, ಎಂಟು, ಹನ್ನೆರಡಕ್ಕೆ ಎರಡು, ಹದಿನಾರಕ್ಕೆ ಆರು, ಇಪ್ಪತ್ತಕ್ಕೆ ಮತ್ತೆ ಸೊನ್ನೆ. ನೋಡಿದ್ರೆ ಐದು ಮೂಲೆ ನಕ್ಷತ್ರ! ಮೂರರ ಮಗ್ಗಿ ಹತ್ತೂ ಮೊಳೆ ಮುಟ್ಟಿ ಹತ್ತು ಮೂಲೆದು ಕಟ್ಟುತ್ತೆ. ಒಂದಿನ ಮಗ ಆರರ ಮಗ್ಗಿ ಸುತ್ತಿ ಓಡಿ ಬಂದ: "ಅಪ್ಪಾ, ನಾಲ್ಕರದ್ದೇ ನಕ್ಷತ್ರ ಬಂತು, ಆದ್ರೆ ಆ ಕಡೆಯಿಂದ ಸುತ್ತಿ ಬಂತು!" ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವನ ಕೈಗೆ ಗೊತ್ತಾಗಿತ್ತು.

ಅಕ್ಷರವನ್ನೂ ಚಿತ್ರದಿಂದಲೇ ಹೊರಡಿಸ್ತಾರೆ. ಅಲ್ಲಿ ಇಂಗ್ಲಿಷಿಗೆ ಮಾಡ್ತಿದ್ದರು. ಊರಿಗೆ ಬಂದಮೇಲೆ ನಾನು ಮಗಳಿಗೆ ಕನ್ನಡದಲ್ಲಿ ಮಾಡಿದೆ. ಚಂದ್ರವಳ್ಳಿ ಗುಹೆ ಬಾಯಿಗೆ ಕರ್ಕೊಂಡು ಹೋಗಿ ಕೂರಿಸಿ ಕಥೆ ಹೇಳಿದೆ. ಮಾರನೇ ದಿನ ಬಳಪದಲ್ಲಿ ಗವಿ ಬಾಯಿ ಬರೆದಳು, ಮೇಲೊಂದು ಕಲ್ಲು ಇಟ್ಟಳು. "ಗ" ಆಯ್ತು. ಕಲ್ಲೇ ತಲೆಕಟ್ಟು.

ಈಗ ಇನ್ನೊಂದು ಮುಖ. ಫೀಸು ಕಟ್ಟೋಕೆ ಇಬ್ಬರ ಸಂಬಳ ಬೇಕಿತ್ತು. ಮಗನ ಕ್ಲಾಸಲ್ಲಿ ಆಟೋದವರ ಮಗು ಒಂದೂ ಇರಲಿಲ್ಲ. ಇದು ನನ್ನನ್ನ ತುಂಬಾ ಕಾಡಿದ ವಿಷಯ, ಯಾಕಂದ್ರೆ ಈ ಶಾಲೆ ಹುಟ್ಟಿದ್ದೇ ಕೂಲಿಯವರಿಗೆ. 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ವಾಲ್ಡಾರ್ಫ್ ಆಸ್ಟೋರಿಯಾ ಅಂತ ಸಿಗರೇಟು ಕಾರ್ಖಾನೆ ಇತ್ತು, ಹೆಸರು ಬಂದಿದ್ದೇ ಅಲ್ಲಿಂದ. ಯಜಮಾನ ಎಮಿಲ್ ಮೋಲ್ಟ್ ಸ್ಟೈನರ್‌ರನ್ನ ಕರೆಸಿ ಕಾರ್ಮಿಕರಿಗೆ ಭಾಷಣ ಮಾಡಿಸಿದ. ಕೇಳಿದವರು ನಮ್ಮ ಮಕ್ಕಳಿಗೂ ಇಂಥ ಓದು ಬೇಕು ಅಂದರು. ಅದೇ ಸೆಪ್ಟೆಂಬರಲ್ಲಿ 256 ಮಕ್ಕಳೊಂದಿಗೆ ಶಾಲೆ ತೆರೀತು. ಯಾವ ವರ್ಗದವರಿಗಾದರೂ ಬಾಗಿಲು ತೆರೆದಿರಬೇಕು, ಹುಡುಗರು ಹುಡುಗಿಯರು ಒಟ್ಟಿಗೆ ಕೂರಬೇಕು ಅನ್ನೋದು ಸ್ಟೈನರ್ ಹಾಕಿದ ಷರತ್ತು.

ಕಥೆಗಳ ವಿಚಾರವೂ ಇದೆ. ಮೂಲ ಪಠ್ಯಕ್ರಮದಲ್ಲಿ ಮೂರನೇ ಕ್ಲಾಸಿಗೆ ಹಳೆ ಒಡಂಬಡಿಕೆ, ನಾಲ್ಕನೇದಕ್ಕೆ ನಾರ್ಸ್ ಪುರಾಣ. ಅವರ ಊರಿಗೆ ಅದು ಸರಿ. ನಮ್ಮಲ್ಲಿ ಜನಪದ ಹಾಡಿನ ವೀರರಿದ್ದಾರೆ, ಜುಂಜಪ್ಪ ಇದ್ದಾನೆ, ಗಾದ್ರಿ ಪಾಲನಾಯಕ ಇದ್ದಾನೆ. ಚಳ್ಳಕೆರೆ ಕಡೆಯ ಸಿರಿಯಜ್ಜಿ ಓದು ಬರಹ ಕಲಿತವರಲ್ಲ, ಸಾವಿರಾರು ಹಾಡು ನೆನಪಲ್ಲಿಟ್ಟುಕೊಂಡಿದ್ದರು. ಅಂಥ ನೆಲದ ಮಕ್ಕಳಿಗೆ ಬೇರೆ ದೇಶದ ದೇವರನ್ನ ಕಡ ತರಬೇಕಾಗಿಲ್ಲ.

ಪಿಯು ಲ್ಯಾಬ್ | ಸೋಮವಾರ ಬೆಳಿಗ್ಗೆ

ನಾನು ದಾವಣಗೆರೆಯಲ್ಲೇ ಪಿಯುಸಿಗೆ ರಸಾಯನಶಾಸ್ತ್ರ ಪಾಠ ಮಾಡೋನು. ಮೇಡಂ, ನಿಮ್ಮ ನೋವು ಅರ್ಥ ಆಗುತ್ತೆ. ಪ್ರತಿ ವರ್ಷ ನನ್ನ ಮುಂದೆ ಬರೋ ಹದಿನೇಳರ ಮಕ್ಕಳು ಟೈಟ್ರೇಷನ್ ಸೂತ್ರ ನಿದ್ದೇಲಿ ಎಬ್ಬಿಸಿದರೂ ಹೇಳ್ತಾರೆ, ಬ್ಯುರೆಟ್ ಅನ್ನೋ ಗಾಜಿನ ಕೊಳವೆಯ ನಲ್ಲಿ ತಿರುಗಿಸೋಕೆ ಕೈ ನಡುಗುತ್ತೆ. ಹಿಡಿದ ಗಾಜಿನ ಭಾರ ಬೆರಳಿಗೆ ಗೊತ್ತೇ ಇಲ್ಲ. ಆ ಮಟ್ಟಿಗೆ ನೀವು ಹೇಳೋದು ನಿಜ.

ಆದರೂ ಎರಡು ಭಯ ಇದೆ. ಒಂದು, ಏಳು ವರ್ಷದ ತನಕ ಓದಿಗೇ ಕೈ ಹಾಕದಿದ್ದರೆ, ಓದೋಕೆ ನಿಜವಾಗಲೂ ಕಷ್ಟಪಡೋ ಮಗುವನ್ನ ಗುರುತಿಸೋದು ತಡ ಆಗುತ್ತೆ. ಡಿಸ್ಲೆಕ್ಸಿಯಾ ಇರೋ ಮಗುವಿಗೆ "ಕಾಯೋಣ, ತಾನಾಗೇ ಅರಳುತ್ತೆ" ಅನ್ನೋದು ಅನ್ಯಾಯ. ನನ್ನ ಅಣ್ಣನ ಮಗನಿಗೆ ಒಂಬತ್ತು ವರ್ಷದ ತನಕ ಯಾರೂ ಕಂಡುಹಿಡೀಲಿಲ್ಲ, ಅವನು ತನ್ನನ್ನ ತಾನೇ ದಡ್ಡ ಅಂದ್ಕೊಂಡುಬಿಟ್ಟಿದ್ದ. ಎರಡು, ಮುಂದೆ ನೀಟ್, ಸಿಇಟಿ ಇದ್ದೇ ಇದೆ. ಈ ಊರಲ್ಲಿ ಅದನ್ನ ತಪ್ಪಿಸಿಕೊಂಡು ಓದಿಸೋಕೆ ದುಡ್ಡಿರೋರಿಗೆ ಮಾತ್ರ ಆಗುತ್ತೆ.

ಹತ್ತನೇ ಕ್ಲಾಸಿನ ಪ್ರಶ್ನೆಗೆ: 14 ವರ್ಷ ತುಂಬಿದ ಮಗು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಪರೀಕ್ಷೆ ಕಟ್ಟಬಹುದು. ಆದರೆ ಶಾಲೆ ಅಂತ ಬೋರ್ಡು ಹಾಕಿದರೆ ಶಿಕ್ಷಣ ಹಕ್ಕು ಕಾಯ್ದೆಯ 18ನೇ ಕಲಂ ಪ್ರಕಾರ ಮಾನ್ಯತೆ ಬೇಕೇ ಬೇಕು. ಶೆಡ್ಡಿನ ಬಾಗಿಲು ತೆಗೆಯೋ ಮೊದಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ಬನ್ನಿ.

ಹಿರಿಯೂರು ಸಿಸ್ಟರ್ | ಸೋಮವಾರ ಮಧ್ಯಾಹ್ನ

ನಾನು ನರ್ಸ್. ಒಂದೇ ವಿಷಯ ಹೇಳ್ತೀನಿ, ಯಾರೂ ತಪ್ಪು ತಿಳೀಬೇಡಿ. ಸ್ಟೈನರ್ ಬರೀ ಶಿಕ್ಷಣ ತಜ್ಞ ಅಲ್ಲ, ಆಂಥ್ರೊಪಾಸಫಿ ಅನ್ನೋ ಆಧ್ಯಾತ್ಮಿಕ ಮತವನ್ನೇ ಕಟ್ಟಿದವರು. ಅದರಲ್ಲಿ ಕರ್ಮ, ಪುನರ್ಜನ್ಮ ಎಲ್ಲ ಬರುತ್ತೆ. ಜರ್ಮನಿಯವರಿಗೆ ಅದು ಹೊಸದಾಗಿ ಕಂಡಿರಬಹುದು. ನಮ್ಮ ಹಳ್ಳಿಗಳಲ್ಲಿ ಕಾಲು ಸರಿ ಇಲ್ಲದ ಮಗು ಹುಟ್ಟಿದ್ರೆ "ಹೋದ ಜನ್ಮದ್ದು" ಅಂದು ಆಸ್ಪತ್ರೆಗೇ ತರದವರನ್ನ ನಾನು ನೋಡಿದೀನಿ. ಶಾಲೆಯ ಮೂಲಕ ಆ ಮಾತು ಇನ್ನೊಂದ್ಸಲ ಒಳಗೆ ಬರೋದು ಬೇಡ. ಮಕ್ಕಳನ್ನ ನಾಲ್ಕು ಸ್ವಭಾವ ಅಂತ ವಿಂಗಡಿಸೋದೂ ಇದೆ ಅಲ್ಲಿ, ಸಿಡುಕು, ಮಂಕು ಅಂತ. ಒಂದ್ಸಲ ಹಣೆಪಟ್ಟಿ ಅಂಟಿಸಿದರೆ ಕೀಳೋರು ಯಾರು?

ಲಸಿಕೆ ವಿಷಯ ಇನ್ನೂ ಮುಖ್ಯ. 2018ರಲ್ಲಿ ಅಮೆರಿಕದ ಆಶ್‌ವಿಲ್‌ನ ಒಂದು ವಾಲ್ಡಾರ್ಫ್ ಶಾಲೇಲಿ ಚಿಕನ್‌ಪಾಕ್ಸ್ (ಸೀತಾಳೆ ಸಿಡುಬು) 36 ಮಕ್ಕಳಿಗೆ ಹರಡಿತ್ತು. ಅಲ್ಲಿ ಲಸಿಕೆ ಬೇಡ ಅಂದ ಮನೆಗಳೇ ಬಹಳ. ಕಥೆ ತಗೊಳ್ಳಿ, ಹೆಣಿಗೆ ತಗೊಳ್ಳಿ, ಮಕ್ಕಳ ಲಸಿಕೆ ಬರೆಯೋ ತಾಯಿ ಕಾರ್ಡು ಮಾತ್ರ ಪೂರ್ತಿ ಇರಲಿ.

ಭಟ್ಟಿ ಓಣಿ | ಸೋಮವಾರ ರಾತ್ರಿ

ನಮ್ಮಪ್ಪ ಅಮ್ಮ ಇಬ್ಬರೂ ಮಂಡಕ್ಕಿ ಭಟ್ಟೀಲಿ ದುಡಿದವರು. ನಾನು ಡಿಗ್ರಿ ಕೊನೇ ವರ್ಷ. ಕೈಕೆಲಸ, ಕೈಕೆಲಸ ಅಂತ ಎಲ್ಲರೂ ಬರೀತಿದೀರ, ಓದ್ತಾ ಎದೆ ಭಾರ ಆಯ್ತು.

ಉಪ್ಪುನೀರು ಹಿಡಿದ ಅಕ್ಕಿ ಕಾದ ಮರಳಿಗೆ ಬಿದ್ದಾಗ ಹೊರಡೋ ಸದ್ದಿದೆಯಲ್ಲ, ಅದನ್ನ ಕೇಳಿ ಮರಳು ಇನ್ನೂ ಕಾಯಬೇಕಾ ಸಾಕಾ ಅಂತ ನಾನು ಎಂಟು ವರ್ಷಕ್ಕೇ ಹೇಳ್ತಿದ್ದೆ. ಅರಳಿದ್ದನ್ನ ಜರಡಿಗೆ ಎಳೆಯೋಕೆ ಮೂರೆಣಿಸೋಷ್ಟು ಹೊತ್ತೂ ಇಲ್ಲ, ತಡ ಆದ್ರೆ ಕಪ್ಪಾಗುತ್ತೆ. ಕೈಗೆ, ಕಿವಿಗೆ ಬಂದ ವಿದ್ಯೆ ಅಂದ್ರೆ ಇದೇ. ಆದರೆ ಅದರ ಜೊತೆಗೆ ಹೊಗೆ ಬಂತು, ಕೆಮ್ಮು ಬಂತು, ವಾರಕ್ಕೆ ಎರಡು ದಿನ ಶಾಲೆ ತಪ್ಪಿತು. ಶಾಲೇಲಿ ನನ್ನ ಕಿವಿಗೆ ಬೆಲೆ ಇರಲಿಲ್ಲ, ಭಟ್ಟೀಲಿ ನನ್ನ ಪುಸ್ತಕಕ್ಕೆ ಬೆಲೆ ಇರಲಿಲ್ಲ.

ನಿಮ್ಮ ಮಕ್ಕಳಿಗೆ ಅಕ್ಷರದ ಹೊರೆ ಜಾಸ್ತಿ ಆಗಿ ಕೈಗೆ ಕೆಲಸ ಬೇಕಾಗಿದೆ. ನಮ್ಮ ಓಣಿ ಮಕ್ಕಳಿಗೆ ಕೈಕೆಲಸ ಜಾಸ್ತಿಯಾಗಿ ಅಕ್ಷರ ಬೇಕಾಗಿದೆ. ಇಡೀ ಮಗು ಅಂತೀರಲ್ಲ, ಎರಡೂ ಕಡೆ ಅರ್ಧರ್ಧ ಮಗುವೇ ಇರೋದು. ಸಿಗರೇಟು ಕಾರ್ಖಾನೆಯವರ ಮಕ್ಕಳಿಗೆ ಹುಟ್ಟಿದ ಶಾಲೆ ಅಂದ್ರಿ, ಹಂಗಿದ್ರೆ ದಾವಣಗೆರೇಲಿ ಅದು ವಿದ್ಯಾನಗರದ ಹಿತ್ತಿಲಲ್ಲಿ ಯಾಕೆ ಶುರು ಆಗಬೇಕು ಅಕ್ಕ?

ಚಳ್ಳಕೆರೆ ಮೇಷ್ಟ್ರು | ಮಂಗಳವಾರ ಬೆಳಿಗ್ಗೆ

ತಮ್ಮಾ ಭಟ್ಟಿ ಓಣಿ, ನಿನ್ನ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ.

ನಾನು ಮೂವತ್ತಮೂರು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆ ಮೇಷ್ಟ್ರಾಗಿದ್ದು ನಿವೃತ್ತನಾದವನು. ವಾಲ್ಡಾರ್ಫ್ ನನಗೆ ಓದಿ ಗೊತ್ತು, ನಮ್ಮ ಸರ್ಕಾರಿ ಶಾಲೆಯ ನಲಿ ಕಲಿ ಪದ್ಧತಿ ಮಾಡಿ ಗೊತ್ತು. ನಲಿ ಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಯ್ತು. ಆಂಧ್ರದ ಋಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನ ನೋಡಿ ಬಂದ ನಮ್ಮಂಥ ಮೇಷ್ಟ್ರುಗಳೇ ಕೂತು ಪಾಠದ ಕಾರ್ಡು ಬರೆದರು. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗೂ ಬಂತು. ನನ್ನ ಕೊಠಡೀಲಿ ಬೆಂಚು ತೆಗೆಸಿ ಚಾಪೆ ಹಾಸಿದೆವು. ಒಂದು ಎರಡು ಮೂರನೇ ಕ್ಲಾಸು ಒಟ್ಟಿಗೆ, ಐದು ತಟ್ಟೆ, ಅಂದ್ರೆ ಐದು ಗುಂಪು. ಮೊದಲ ತಟ್ಟೆಗೆ ಮೇಷ್ಟ್ರು ಜೊತೇಲೇ ಇರಬೇಕು, ಕೊನೇ ತಟ್ಟೆ ಮಕ್ಕಳು ತಾವೇ ಕಲೀತಾರೆ. ಗೋಡೆ ಮೇಲೆ ಕಲಿಕಾ ಏಣಿ, ತಲೆ ಮೇಲೆ ದಾರಕ್ಕೆ ಮಕ್ಕಳು ಮಾಡಿದ್ದೆಲ್ಲ ತೂಗುಹಾಕಿದ ಚಪ್ಪರ. ಒಬ್ಬ ಎಂಟು ದಿನ ಬರದಿದ್ದರೂ ಬಿಟ್ಟ ಮೆಟ್ಟಿಲಿಂದಲೇ ಹತ್ತಬಹುದು. ಕುರಿ ಹಿಂದೆ ವಲಸೆ ಹೋಗೋ ಮನೆ ಮಕ್ಕಳಿಗೆ ಇದು ಎಷ್ಟು ದೊಡ್ಡದು ಅಂತ ಪಟ್ಟಣದವರಿಗೆ ಹೇಳೋದು ಕಷ್ಟ.

ಒಬ್ಬ ಹುಡುಗ ಇದ್ದ, ಇಪ್ಪತ್ತರ ಮೇಲೆ ಎಣಿಸೋಕೆ ಬರ್ತಿರಲಿಲ್ಲ. ಸಂಜೆ ಅವರ ಹಟ್ಟಿಗೆ ಹೋದೆ. ನಲವತ್ತರ ಮೇಲೆ ಕುರಿ ರೊಪ್ಪಕ್ಕೆ ನುಗ್ಗುತಿದ್ದವು. ಬಾಗಿಲಲ್ಲಿ ನಿಂತು "ಚುಕ್ಕಿ ಕಿವಿದು ಬರಲಿಲ್ಲ" ಅಂದ. ಎಣಿಸಿರಲಿಲ್ಲ, ಒಂದೊಂದರ ಮುಖ ಗೊತ್ತಿತ್ತು. ಮಾರನೇ ದಿನ ಒಂದೊಂದು ಕುರಿಗೆ ಒಂದೊಂದು ಬೆಣಚುಕಲ್ಲು ತರಿಸಿದೆ, ಹತ್ತತ್ತು ಗುಡ್ಡೆ ಹಾಕಿದ. ಒಂದೇ ವಾರಕ್ಕೆ ನೂರು ದಾಟಿದ. ಅವನಿಗೆ ಬೇಕಾಗಿದ್ದು ತನ್ನ ಕುರಿಯ ಮೂಲಕ ಒಂದು ದಾರಿ, ಅಷ್ಟೇ.

ಸೋತಿದ್ದೂ ಹೇಳಬೇಕು. ಕಾರ್ಡು ಹರಿದರೆ ಹೊಸದು ಬರೋಕೆ ವರ್ಷ. ಒಬ್ಬನೇ ಮೇಷ್ಟ್ರು, ಮೂರು ಕ್ಲಾಸು, ಮೇಲೆ ಬಿಸಿಯೂಟದ ಲೆಕ್ಕ, ಮತಪಟ್ಟಿ. ನಾಲ್ಕನೇ ಕ್ಲಾಸಿಗೆ ಕಾಲಿಟ್ಟ ತಕ್ಷಣ ಮತ್ತೆ ಪಠ್ಯಪುಸ್ತಕ, ಮತ್ತೆ ಸಾಲು. ವಾಲ್ಡಾರ್ಫ್‌ನಲ್ಲಿ ಒಬ್ಬರೇ ಟೀಚರ್ ವರ್ಷಗಟ್ಟಲೆ ಜೊತೆಗಿರೋದು ಕೇಳಿದಾಗ ನನಗೆ ಹೊಟ್ಟೆ ಉರೀತು. ನಮಗೆ ಅದೊಂದು ಸಿಕ್ಕಿದ್ದರೆ ಸಾಕಿತ್ತು.

ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಕೈಕಸುಬಿನ ಮೂಲಕವೇ ಶಿಕ್ಷಣ ಅಂದರು. ಅವರ ಮಾತು ಪೂರ್ತಿ ಹಿಡಿಸದವರೂ ಇದ್ದಾರೆ, ಮಕ್ಕಳನ್ನ ಜಾತಿ ಕಸುಬಿಗೇ ಕಟ್ಟಿಹಾಕಿದಂಗೆ ಅಂತ. ತಮ್ಮ ಹೇಳಿದ್ದೂ ಅದೇ ನೋವು. ಕುರುಬರ ಹುಡುಗ ಉಣ್ಣೆ ನೂಲೋ ಕದಿರು ಹಿಡಿದರೆ ಕಸುಬು, ಡಾಕ್ಟರ ಮಗಳು ಹಿಡಿದರೆ ಕಲೆ ಅನ್ನೋ ತನಕ ಇದು ಸರಿಹೋಗಲ್ಲ. ಇಬ್ಬರೂ ಒಂದೇ ಚಾಪೆ ಮೇಲೆ ಕೂತು ನೂತರೆ ಮಾತ್ರ ಅದು ಶಿಕ್ಷಣ.

ಕಾನೂನೂ ಇದನ್ನೇ ಕೇಳುತ್ತೆ. ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ತೆಗೆದು ಓದಿ: ಮಗುವಿನ ಸರ್ವತೋಮುಖ ಬೆಳವಣಿಗೆ, ಚಟುವಟಿಕೆಯ ಮೂಲಕ ಕಲಿಕೆ, ಸಾಧ್ಯವಾದಷ್ಟೂ ಮಾತೃಭಾಷೆ, ಭಯವಿಲ್ಲದ ವಾತಾವರಣ. ಬರೆದಿಟ್ಟಿದ್ದಾರೆ, ಮಾಡಿಸೋರು ಬೇಕು. ತಂಗೀ, ನಿಮ್ಮ ಮನೆ ಹತ್ತಿರ ಸರ್ಕಾರಿ ಶಾಲೆ ಇದ್ದೇ ಇರುತ್ತೆ. ಸಂಭ್ರಮ ಶನಿವಾರ ಅಂತ ಬ್ಯಾಗಿಲ್ಲದ ದಿನ ಇದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಯವರನ್ನ ಕೇಳಿ, ಮುಖ್ಯ ಶಿಕ್ಷಕರನ್ನ ಕೇಳಿ, ನಾಲ್ಕೂ ಮನೆಯವರು ಮಕ್ಕಳನ್ನ ಕರ್ಕೊಂಡು ಅಲ್ಲಿಗೇ ಹೋಗಿ. ಶೆಡ್ಡು ಎಲ್ಲೂ ಓಡಿಹೋಗಲ್ಲ.

ವಿದ್ಯಾನಗರದ ಅಮ್ಮ | ಮಂಗಳವಾರ ರಾತ್ರಿ

ಮೇಷ್ಟ್ರೇ, ತಮ್ಮಾ, ಓದಿದೆ. ಮೊದಲು ಕೋಪ ಬಂತು, ನಿಜ ಹೇಳ್ತೀನಿ. ನನ್ನ ಮಗಳಿಗೆ ಇರೋದು ಒಂದೇ ಬಾಲ್ಯ, ಊರನ್ನೆಲ್ಲ ಸರಿ ಮಾಡೋ ತನಕ ಅವಳು ಕಾಯಬೇಕಾ ಅನಿಸ್ತು. ಆಮೇಲೆ ನಾನು ಓದಿದ್ದೂ ಸರ್ಕಾರಿ ಶಾಲೆ ಅನ್ನೋದು ನೆನಪಾಯ್ತು. ನಿಮ್ಮ ಮಾತು ತಳ್ಳಿಹಾಕೋಕೆ ಆಗ್ತಿಲ್ಲ.

ಇವತ್ತು ಮಗಳ ಶಾಲೆಗೆ ಹೋಗಿ ಇನ್ನು ಮನೇಲಿ ಹೋಂವರ್ಕ್ ಬರೆಸಲ್ಲ ಅಂತ ಬರೆದುಕೊಟ್ಟು ಬಂದೆ. ಸರ್ (ಪಿಯು ಲ್ಯಾಬ್), ಓದಿನ ತೊಂದರೆ ಇದೆಯಾ ಅಂತ ಗಮನಿಸ್ತೀನಿ, ಅದು ನನ್ನ ತಲೆಗೇ ಬಂದಿರಲಿಲ್ಲ. ಬಡಗಿ ಹತ್ರ ಆ ಮೊಳೆ ಹಲಗೆ ಮಾಡೋಕೆ ಹೇಳಿದೀನಿ.

ಪಿಯು ಲ್ಯಾಬ್ | ಬುಧವಾರ ಬೆಳಿಗ್ಗೆ

ಮೇಡಂ, ಆ ಮೊಳೆ ಹಲಗೆ ನಾನೂ ಕಾಗದದ ಮೇಲೆ ಮಾಡಿ ನೋಡಿದೆ. ನಾಲ್ಕು, ಆರು ಕೂಡಿದರೆ ಹತ್ತು, ಅದಕ್ಕೇ ಒಂದೇ ನಕ್ಷತ್ರ ಎದುರು ದಿಕ್ಕಿಂದ. ಮೂರು-ಏಳು, ಎರಡು-ಎಂಟು, ಒಂದು-ಒಂಬತ್ತು ಎಲ್ಲ ಹಂಗೇ ಜೋಡಿ. ಐದಕ್ಕೆ ಐದೇ ಜೋಡಿ, ಅದಕ್ಕೇ ಅದು ಬರೀ ಒಂದು ಗೆರೆ. ಇದನ್ನ ದೊಡ್ಡ ಮಕ್ಕಳಿಗೆ ಹೇಳಿಕೊಡೋಕೆ ಒಂದು ಶನಿವಾರ ನಾನೂ ಬರಬಹುದಾ?

ಭಟ್ಟಿ ಓಣಿ | ಬುಧವಾರ ಸಂಜೆ

ಅಕ್ಕ, ಆ ಸರ್ಕಾರಿ ಶಾಲೆಗೆ ನಮ್ಮ ಓಣಿಯಿಂದ ಮಕ್ಕಳು ಬರಲ್ಲ, ದೂರ. ಆದ್ರೆ ಇಲ್ಲೂ ಒಂದು ಶಾಲೆ ಇದೆ. ಅಲ್ಲಿ ಹೇಗಾಯ್ತು ಅಂತ ಬರೀರಿ. ಸರಿಹೋದ್ರೆ ಇಲ್ಲಿನ ಮುಖ್ಯ ಶಿಕ್ಷಕರ ಹತ್ರ ನಾನು ಮಾತಾಡ್ತೀನಿ.

ವಿದ್ಯಾನಗರದ ಅಮ್ಮ | ಮೂರು ವಾರದ ನಂತರ, ಶನಿವಾರ

ಇವತ್ತು ಮನೆ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ ಬಂದ್ವಿ. ಇಪ್ಪತ್ತಾರು ಮಕ್ಕಳು, ನಮ್ಮ ಕಡೆಯ ಐದು. ಮುಖ್ಯ ಶಿಕ್ಷಕಿ ಮೊದಲು ಅಷ್ಟೇನೂ ನಂಬಲಿಲ್ಲ, ಅರ್ಧ ಗಂಟೆ ಬಾಗಿಲಲ್ಲೇ ನಿಂತಿದ್ದರು. ಹಲಗೆ ಒಂದೇ ಇದ್ದಿದ್ದರಿಂದ ಗಲಾಟೆ ಆಯ್ತು. ಆಗ ನಾಲ್ಕನೇ ಕ್ಲಾಸಿನ ಒಬ್ಬಳು ಹೊರಗೆ ಹೋಗಿ ಅಂಗಳದಲ್ಲಿ ಸುಣ್ಣದ ಪುಡೀಲಿ ದುಂಡಗೆ ಹತ್ತು ಚುಕ್ಕಿ ಇಟ್ಟಳು, ರಂಗೋಲಿ ಇಟ್ಟಂಗೆ. ಚುಕ್ಕಿಗೊಬ್ಬರು ಮಕ್ಕಳು ನಿಂತರು, ಸೀರೆ ಅಂಗಡಿಯ ದಾರದುಂಡೆ ಒಬ್ಬರಿಂದ ಒಬ್ಬರಿಗೆ ಹೋಯ್ತು. ಮೂರರ ಮಗ್ಗಿ ಎಲ್ಲರೂ ಕೂಗಿ ಹೇಳಿದರು. ಇಪ್ಪತ್ತೊಂದರಲ್ಲಿ ತಪ್ಪಿತು, ದಾರ ಬಿಚ್ಚಿ ಮತ್ತೆ ಸುತ್ತಿದರು. ಯಾರೂ ಯಾರನ್ನೂ ಬೈಯಲಿಲ್ಲ. ನನ್ನ ಮಗಳು ಏಳನೇ ಚುಕ್ಕಿ ಮೇಲೆ ನಿಂತಿದ್ದಳು. ಮುಂದಿನ ವರ್ಷ ಒಂದನೇ ಕ್ಲಾಸಿಗೆ ಅವಳನ್ನ ಎಲ್ಲಿ ಸೇರಿಸೋದು ಅಂತ ಮನೇಲಿ ಇನ್ನೂ ಮಾತು ಮುಗಿದಿಲ್ಲ, ಅವರಪ್ಪ ಒಪ್ಪಿಲ್ಲ.

ಮುಖ್ಯ ಶಿಕ್ಷಕಿ ಹೊರಡುವಾಗ ಕೇಳಿದ್ದು: ಮುಂದಿನ ಸಲ ನೂಲೋದು ತೋರಿಸ್ತೀರಾ ಅಂತ. ಮೇಷ್ಟ್ರೇ, ಉಣ್ಣೆ ಎಲ್ಲಿ ಸಿಗುತ್ತೆ? ಅಂಗಡಿಯ ಬಣ್ಣದ ಉಲ್ಲನ್ ಬೇಡ ಅನಿಸ್ತಿದೆ.

ಚಳ್ಳಕೆರೆ ಮೇಷ್ಟ್ರು | ಶನಿವಾರ ರಾತ್ರಿ

ಅಂಗಡೀದು ಬೇಡ ತಂಗೀ. ನಮ್ಮ ಕಡೆ ಕಂಬಳಿ ನೇಯೋರ ಮನೇಲಿ ಕತ್ತರಿಸಿದ ಕರಿ ಉಣ್ಣೆ ಸಿಗುತ್ತೆ, ಎರಡು ಕೆಜಿ ತರ್ತೀನಿ. ಮುಳ್ಳು ಕಸ ಇರುತ್ತೆ, ಬಿಡಿಸಿ ಹಿಂಜೋದೇ ಮೊದಲ ದಿನದ ಪಾಠ. ಮಗ್ಗದ ಹಾಸು ನೂಲಿಗೆ (ಉದ್ದದ ಎಳೆಗಳಿಗೆ) ಹಚ್ಚೋ ಗಂಜಿಗೆ ಹುಣಸೆ ಬೀಜ ಬೇಕು, ಮಕ್ಕಳಿಗೆ ಮನೆಯಿಂದ ಹಿಡಿ ಹಿಡಿ ತರೋಕೆ ಹೇಳಿ. ಆ ಕುರಿ ಹುಡುಗ ಈಗ ದೊಡ್ಡವನಾಗಿದ್ದಾನೆ, ಅವನ ತಾಯಿ ಕದಿರು ತಿರುಗಿಸೋದ್ರಲ್ಲಿ ಎತ್ತಿದ ಕೈ. ಕೇಳಿದೀನಿ, ಬರ್ತೀನಿ ಅಂದಿದ್ದಾರೆ. ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಹೊರಡ್ತೀವಿ. ಅವರಿಗೆ ಮೊಣಕಾಲು ನೋವು, ಚಾಪೆ ಜೊತೆ ಒಂದು ಮಣೆ ಇಟ್ಟಿರಿ.